ರೈಲು ಹಳಿಯ ನಡುಗೆರೆಯವರೆಗೆ

ನನ್ನ ಸೋದರಮಾವನಿಗೆ ನಮ್ಮ ಓಣಿಯವರು ಇಟ್ಟ ಹೆಸರು ‘ಅಲ್ಲಿಂದ ಮಾಮ’. ಅವನ ಹತ್ತಿರ ದಾರಿ ಕೇಳಿದವರು ಕೆಟ್ಟರು. ಹಾಲಿನಂಗಡಿ ಎಲ್ಲಿ ಅಂದರೆ, ‘ಈ ಗೇಟಿನಿಂದ ಪೂರ್ವಕ್ಕೆ ಹೊರಟು ನಲ್ಲಿಯವರೆಗೆ, ಅಲ್ಲಿಂದ ಗೋಡೆಯ ಗುಂಟ ದೀಪದ ಕಂಬದವರೆಗೆ, ಅಲ್ಲಿಂದ…’ ಎಂದು ಶುರುಮಾಡುತ್ತಿದ್ದ. ಅಂಗಡಿ ಕಣ್ಣೆದುರಿಗೇ ಕಾಣುತ್ತಿದ್ದರೂ ಅಷ್ಟೇ. ಅದು ಚಟವಲ್ಲ, ಕಸುಬು. ದೇಶದ ಸಂಸತ್ತಿಗೆ ಸದಸ್ಯರನ್ನು ಆರಿಸುವ ಕ್ಷೇತ್ರಗಳಿವೆಯಲ್ಲ, ಅವುಗಳ ಗಡಿಯನ್ನು ಮಾತಿನಲ್ಲಿ ಬರೆದಿಡುವ ಕಚೇರಿಯಲ್ಲಿ ಅವನು ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದ.

ನಕ್ಷೆ ಇರುವಾಗ ಮಾತೇಕೆ ಅಂತ ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ. ‘ನಕ್ಷೆ ನೋಡೋಕೆ ಚೆಂದ, ಅಷ್ಟೇ ಕಣೇ. ನಕ್ಷೆಗೂ ಮಾತಿಗೂ ಜಗಳ ಬಿದ್ದರೆ ಕಾನೂನಿನಲ್ಲಿ ಗೆಲ್ಲೋದು ಮಾತೇ’ ಅಂದಿದ್ದ. ಎದೆಯುಬ್ಬಿಸಿಕೊಂಡು ಅಂದಿದ್ದ. ಆಮೇಲೆ ಆ ಮಾತನ್ನು ಅವನು ಮತ್ತೆ ಯಾವತ್ತೂ ಆಡಲಿಲ್ಲ.

ಅವನ ಕಚೇರಿಯನ್ನು ನಾನು ಎರಡು ಸಲ ನೋಡಿದ್ದೇನೆ. ಎರಡನೇ ಮಹಡಿಯ ಕೋಣೆ, ಬಣ್ಣ ಬಳಿದು ಬಳಿದು ತೆರೆಯಲಾಗದ ಕಿಟಕಿ, ಉದ್ದನೆಯ ಮೇಜು. ಮೇಜಿನ ಮೇಲೆ ನಕ್ಷೆ ಹಾಸಿ ನಾಲ್ಕು ಮೂಲೆಗೂ ಕಬ್ಬಿಣದ ದಪ್ಪ ನಟ್ಟು ಇಡುತ್ತಿದ್ದರು. ಗಡಿಯ ವಿವರ ಟೈಪಾಗಿ ಬಂದ ಮೇಲೆ ಅದನ್ನು ಇಬ್ಬರು ಕೂಡಿ ತಾಳೆ ನೋಡಬೇಕು. ಮಾಮ ನಿಂತು ಓದುತ್ತಿದ್ದ. ನಕ್ಷೆಗಾರರು ಕೂತು, ಕೇಳಿದ ಹಾಗೆ ನಕ್ಷೆಯ ಮೇಲೆ ತೋರುಬೆರಳು ನಡೆಸುತ್ತಿದ್ದರು. ಓದುವವನು ನಕ್ಷೆ ನೋಡಕೂಡದು. ಬೆರಳಿನವರು ಕಾಗದ ನೋಡಕೂಡದು. ಕೊನೆಗೆ ಬೆರಳು ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಗಡಿ ಸರಿ ಅಂತ, ಇಬ್ಬರೂ ಕೆಳಗೆ ಸಹಿ ಹಾಕುತ್ತಿದ್ದರು. ಆ ಕಾಗದ ಗೆಜೆಟ್ಟಿಗೆ ಹೋಗಿ ಅಚ್ಚಾಗಿ ತಿಂಗಳು ಕಳೆದರೆ ಮುಗಿಯಿತು, ಬ್ರಹ್ಮ ಬಂದರೂ ಹತ್ತು ವರ್ಷ ತಿದ್ದುವ ಹಾಗಿಲ್ಲ.

ನಮ್ಮ ಕ್ಷೇತ್ರದ ಚರಿತ್ರೆ ಮಾಮನಿಗೆ ಬಾಯಿಪಾಠ. ಮೊದಲು ಗೆರೆ ಎಳೆದಾಗ ಇಲ್ಲಿದ್ದದ್ದು ಒಂದು ಹೊಳೆ, ಒಂದು ರೈಲ್ವೆ ವರ್ಕ್‌ಶಾಪು, ಅದರ ಸುತ್ತ ಹೊಗೆ. ಜನಗಣತಿ ಆದಾಗಲೆಲ್ಲ ಅಂಚು ಬದಲಾಯಿತು. ಉತ್ತರದ ಎರಡು ಪಟ್ಟಣಗಳು ಕೈಬಿಟ್ಟುಹೋದವು, ದಕ್ಷಿಣದ ಗಿರಣಿ ಬಡಾವಣೆ ಸೇರಿತು, ಕ್ಷೇತ್ರದ ಹೆಸರೇ ಎರಡು ಸಲ ಬದಲಾಯಿತು. ಬದಲಾಗದೆ ಉಳಿದದ್ದು ಪಶ್ಚಿಮದ ಮೂಗು. ಪಶ್ಚಿಮಕ್ಕೆ ರೈಲು ಹಳಿಯೇ ಗಡಿ. ಆದರೆ ಒಂದು ಕಡೆ ಮಾತ್ರ ಗೆರೆ ಹಳಿ ದಾಟಿ, ಆಚೆಯ ಒಂದು ಓಣಿಯನ್ನು ಸುತ್ತಿಕೊಂಡು, ಮತ್ತೆ ಹಳಿಗೆ ಬರುತ್ತಿತ್ತು. ಆ ಓಣಿಯಲ್ಲಿದ್ದವರು ವರ್ಕ್‌ಶಾಪಿನ ಕೆಲಸಗಾರರು. ದುಡಿಯುವುದು ಈಚೆ, ಮಲಗುವುದು ಆಚೆ. ಹಳೆಯ ಕಾಲದ ಯಾರೋ ಪುಣ್ಯಾತ್ಮ ಅವರನ್ನು ವರ್ಕ್‌ಶಾಪಿನ ಜೊತೆಗೇ ಇಟ್ಟಿದ್ದ. ಆ ಮೂಗೇ ನಮ್ಮ ಓಣಿ. ಮುನ್ನೂರ ಹನ್ನೆರಡು ಮನೆ.

ಮಾಮ ಹುಟ್ಟಿದ್ದು ಅಲ್ಲೇ. ಅಮ್ಮ ಅವನಿಗಿಂತ ಆರು ವರ್ಷ ದೊಡ್ಡವಳು. ಇವರ ಅಪ್ಪ ದೂರದ ಗಣಿಯಲ್ಲಿದ್ದರು. ಮೂರು ತಿಂಗಳಿಗೊಂದು ಕಾಗದ, ನಾಲ್ಕೇ ಸಾಲು. ಅಜ್ಜಿಗೆ ಓದು ಬಾರದು. ಶಾಲೆಗೆ ಹೋಗುತ್ತಿದ್ದ ಮಾಮ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕೊನೆಯಲ್ಲಿ ಪ್ರತಿ ಸಲವೂ, ‘ಎಲ್ಲರನ್ನೂ ಕೇಳಿದ್ದೇನೆ, ನಿನ್ನನ್ನು ಹೆಚ್ಚಾಗಿ ಕೇಳಿದ್ದೇನೆ’ ಅನ್ನುವ ಸಾಲು ಬರುತ್ತಿತ್ತು. ಅಜ್ಜಿ ಅದಕ್ಕಾಗಿಯೇ ಕಾಯುತ್ತಿದ್ದಳು. ಒಂದು ದಿನ ಅಮ್ಮ ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ತೆಗೆದು ನೋಡಿದಳು. ಒಂದರಲ್ಲೂ ಆ ಸಾಲು ಇರಲಿಲ್ಲ. ಅವಳು ಅಜ್ಜಿಗೂ ಹೇಳಲಿಲ್ಲ, ತಮ್ಮನನ್ನೂ ಬೈಯಲಿಲ್ಲ.

ಗಣಿಯಿಂದ ಅಜ್ಜ ವಾಪಸು ಬರಲೇ ಇಲ್ಲ. ಅಮ್ಮ ವರ್ಕ್‌ಶಾಪಿನ ಹೊಲಿಗೆ ವಿಭಾಗಕ್ಕೆ ಸೇರಿ, ರೈಲು ಬೋಗಿಗಳ ಸೀಟಿಗೆ ರೆಕ್ಸಿನ್ ಹೊಲಿದು ತಮ್ಮನನ್ನು ಓದಿಸಿದಳು. ಅವಳ ಬೆರಳಿಗೆ ರೆಕ್ಸಿನ್ ವಾಸನೆ ಅಂಟಿಕೊಂಡೇ ಇರುತ್ತಿತ್ತು. ಮದುವೆಯಾದಳು, ನಾನು ಕೈಗೂಸಾಗಿದ್ದಾಗಲೇ ಗಂಡನನ್ನು ಕಳೆದುಕೊಂಡಳು, ಮತ್ತೆ ಹೊಲಿದಳು. ಮಾಮ ಮದುವೆಯಾಗಲಿಲ್ಲ. ಕಚೇರಿಯ ಹತ್ತಿರ ಒಂದು ಕೋಣೆ ಮಾಡಿಕೊಂಡಿದ್ದ. ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ. ‘ನನ್ನ ತಮ್ಮ ಗಡಿ ಬರೆಯೋನು’ ಅಂತ ಅಮ್ಮ ನೆರೆಹೊರೆಯವರಿಗೆ ಹೇಳುತ್ತಿದ್ದ ರೀತಿ ನೋಡಿದರೆ, ದೇಶವನ್ನೇ ಇವನು ಹಂಚಿಕೊಡುತ್ತಾನೋ ಅನ್ನಬೇಕು. ಅವನು ಕೊಟ್ಟ ಕ್ಷೇತ್ರದ ಹಳೆಯ ನಕ್ಷೆಯನ್ನು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದಳು. ಮೂಗಿನ ಸುತ್ತ ಕೆಂಪು ಪೆನ್ಸಿಲ್ಲಿನ ಗೆರೆ.

ಈಗ ಸೇತುವೆಯ ಮಾತು. ಓಣಿಯಿಂದ ವರ್ಕ್‌ಶಾಪಿಗೆ ಹೋಗಬೇಕಾದರೆ ಏಳು ಹಳಿ ದಾಟಬೇಕು. ಗೇಟು ಇರುವುದು ಮೂರು ಕಿಲೋಮೀಟರ್ ಆಚೆ. ಅಷ್ಟು ದೂರ ಯಾರು ಹೋಗುತ್ತಾರೆ? ಎಲ್ಲರೂ ಜಲ್ಲಿಕಲ್ಲಿನ ಮೇಲೆ ಕಾಲಿಟ್ಟುಕೊಂಡೇ ದಾಟುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ನಾಲ್ವರು ಅಲ್ಲಿ ಸತ್ತಿದ್ದಾರೆ. ನಾನೂ ಓದು ಮುಗಿಸಿ ವರ್ಕ್‌ಶಾಪಿನ ಉಗ್ರಾಣಕ್ಕೆ ಸೇರಿದ ದಿನ ಅಮ್ಮ ಸಂತೋಷಪಡಲಿಲ್ಲ. ‘ಇನ್ನು ನೀನೂ ದಾಟಬೇಕಲ್ಲ’ ಅಂದಳು. ಅವತ್ತಿನಿಂದ ಕಾಲು ಸೇತುವೆಗೆ ಅರ್ಜಿ ಹಿಡಿದು ಮನೆಮನೆ ತಿರುಗಿದಳು. ಹನ್ನೊಂದು ವರ್ಷ. ನಮ್ಮ ಸಂಸದರು ಕೊನೆಗೂ, ಬಹುಶಃ ಅವಳ ಕಾಟ ತಾಳಲಾರದೆ, ಸೇತುವೆ ಮಂಜೂರು ಮಾಡಿಸಿದರು. ಇಂಜಿನಿಯರುಗಳು ಬಂದು ಸುಣ್ಣದಲ್ಲಿ ಗುರುತು ಹಾಕಿ ಹೋದರು. ಅಮ್ಮ ಆ ಗುರುತನ್ನು ಯಾರೂ ತುಳಿಯದ ಹಾಗೆ ಸುತ್ತ ಕಲ್ಲಿಟ್ಟಳು.

ಅದೇ ವರ್ಷ ಕ್ಷೇತ್ರಗಳ ಪುನರ್ವಿಂಗಡಣೆ ಬಂತು. ಮಾಮ ಮತ್ತು ನಕ್ಷೆಗಾರರು ಬೆಳಗಿನಿಂದ ಸಂಜೆಯವರೆಗೆ ಓದಿದರು, ಬೆರಳು ನಡೆಸಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡುವ ಕೆಲಸ. ನಮ್ಮ ಕ್ಷೇತ್ರ ಬಂದದ್ದು ಒಂದು ಮಧ್ಯಾಹ್ನ, ಊಟ ಆದ ಮೇಲೆ. ಪಶ್ಚಿಮದ ಅಂಚಿನಲ್ಲಿ ಏನೂ ಬದಲಾವಣೆ ಇರಲಿಲ್ಲ. ಓದಿದರು, ಬೆರಳು ಓಣಿಯನ್ನು ಸುತ್ತಿ ಬಂತು, ಸಹಿ ಹಾಕಿದರು.

ಒಂದೂವರೆ ವರ್ಷದ ಮೇಲೆ ಚುನಾವಣೆಯ ಚೀಟಿ ಮನೆಗೆ ಬಂದಾಗ ಓಣಿಗೆ ಸಿಡಿಲು ಬಡಿಯಿತು. ಚೀಟಿಯಲ್ಲಿ ಪಕ್ಕದ ಕ್ಷೇತ್ರದ ಹೆಸರು. ಹೊಳೆಯಾಚೆ, ನಲವತ್ತು ಕಿಲೋಮೀಟರ್ ದೂರದಲ್ಲಿ ಕಚೇರಿ ಇರುವ ಕ್ಷೇತ್ರ. ಅಲ್ಲಿಯ ಸಂಸದ ನಮ್ಮ ಓಣಿಯನ್ನು ರೈಲಿನ ಕಿಟಕಿಯಿಂದಲೂ ನೋಡಿದವನಲ್ಲ. ಗೆಜೆಟ್ ತರಿಸಿ ನೋಡಿದರು. ಗಡಿ ಹಳಿಯ ಗುಂಟ ನೆಟ್ಟಗೆ ಹೋಗಿತ್ತು. ಮೂಗು ಹೋಗಿತ್ತು. ನಕ್ಷೆಯಲ್ಲೇನೋ ಇತ್ತು, ಆದರೆ ನಕ್ಷೆಗೂ ಮಾತಿಗೂ ಜಗಳ ಬಿದ್ದರೆ ಗೆಲ್ಲುವುದು ಯಾವುದು ಅಂತ ಮೊದಲೇ ಹೇಳಿದ್ದೇನೆ.

ಸೇತುವೆಯ ಒಂದು ಕಾಲು ಈಗ ಒಂದು ಕ್ಷೇತ್ರದಲ್ಲಿ, ಇನ್ನೊಂದು ಕಾಲು ಇನ್ನೊಂದರಲ್ಲಿ. ಹಳೆಯ ಸಂಸದರು, ‘ಅವರು ಈಗ ನನ್ನ ಮತದಾರರಲ್ಲ’ ಅಂದರು. ಹೊಸಬನು, ‘ಪರಿಶೀಲಿಸುತ್ತೇನೆ’ ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಎತ್ತು ಏರಿಗೆ, ಕೋಣ ನೀರಿಗೆ. ಫೈಲು ಎರಡು ಕಚೇರಿಗಳ ನಡುವೆ ಓಡಾಡಿ ಸುಸ್ತಾಗಿ ಎಲ್ಲೋ ಕೂತುಬಿಟ್ಟಿತು. ಸುಣ್ಣದ ಗುರುತು ಮಳೆಗೆ ತೊಳೆದು ಹೋಯಿತು. ಅಮ್ಮ ಇಟ್ಟ ಕಲ್ಲು ಹಾಗೇ ಉಳಿದವು.

ಯಾರೋ ಬೇಕೆಂತಲೇ ನಮ್ಮನ್ನು ಕತ್ತರಿಸಿ ಎಸೆದಿದ್ದಾರೆ ಅಂತ ಓಣಿಯೆಲ್ಲ ಹೇಳಿತು. ಅಮ್ಮನೂ ಹೇಳಿದಳು. ‘ನಿನ್ನ ಕಚೇರೀಲಿ ಯಾವ ಕಳ್ಳ ಕೂತಿದ್ದಾನೆ ನೋಡು’ ಅಂತ ತಮ್ಮನನ್ನು ಅಟ್ಟಿದಳು. ಮಾಮ ದಾಖಲೆ ಕೋಣೆಗೆ ಹೋಗಿ ತಾನು ಸಹಿ ಹಾಕಿದ ಕಾಗದ ತೆಗೆಸಿದ. ‘ಅಲ್ಲಿಂದ ರೈಲು ಹಳಿಯ ನಡುಗೆರೆಯವರೆಗೆ’ ಅಂತ ಒಂದು ಸಾಲು. ಅದರ ಕೆಳಗೆ, ಹಳಿ ದಾಟಿ ಓಣಿಯ ಹಿಂಬದಿ ಗೋಡೆಯನ್ನು ಬಳಸಿ ಮತ್ತೆ ‘ರೈಲು ಹಳಿಯ ನಡುಗೆರೆಯವರೆಗೆ’ ಬರುವ ಸಾಲು ಇರಬೇಕಿತ್ತು. ಇರಲಿಲ್ಲ. ಎರಡೂ ಒಂದೇ ಮಾತಿನಲ್ಲಿ ಮುಗಿಯುವುದರಿಂದ ಟೈಪಿಸ್ಟ್‌ನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಿಗಿದಿತ್ತು. ಅಂಥ ತಪ್ಪು ಹಿಡಿಯಲೆಂದೇ ಅಲ್ಲವೇ ಸರ್ಕಾರ ಮಾಮನನ್ನು ಇಟ್ಟುಕೊಂಡದ್ದು?

ಆದರೆ ನಕ್ಷೆಗಾರರ ಬೆರಳು ಓಣಿಯನ್ನು ಸುತ್ತಿ ಬಂದಿತ್ತು. ಅದು ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ಕಾಗದದಲ್ಲಿ ಇಲ್ಲದ ಸಾಲು ಅವರ ಕಿವಿಗೆ ಹೇಗೆ ಬಿತ್ತು? ಮಾಮ ಆ ಕಾಗದವನ್ನು ಮತ್ತೆ ಮೊದಲಿನಿಂದ ಓದಿದನಂತೆ. ತಾನು ಹುಟ್ಟಿದ ಓಣಿ, ಸಾವಿರ ಸಲ ಓದಿದ ಸಾಲು. ಅವತ್ತು ಅವನು ಅದನ್ನು ಓದಿರಲೇ ಇಲ್ಲ. ಕಾಗದ ಹಿಡಿದುಕೊಂಡು ಬಾಯಿಪಾಠ ಒಪ್ಪಿಸಿದ್ದ. ಬೇರೆ ಯಾವ ಓಣಿಯ ಸಾಲು ಬಿಟ್ಟುಹೋಗಿದ್ದರೂ ಅವನಿಗೆ ಸಿಕ್ಕಿಬೀಳುತ್ತಿತ್ತು. ನಮ್ಮದು ಮಾತ್ರ ಸಿಗಲಿಲ್ಲ.

ದೊಡ್ಡ ಸಾಹೇಬರ ಮುಂದೆ ಹೋಗಿ ನಿಂತ. ‘ತಿದ್ದುಪಡಿಗೆ ಮೂವತ್ತು ದಿನ ಇತ್ತು, ಮುಗಿದು ಯಾವ ಕಾಲ ಆಯ್ತು. ಸಹಿ ನಿಮ್ಮದೇ. ಹತ್ತು ವರ್ಷ ಕಾಯಬೇಕು, ಅಷ್ಟೇ. ಈಗ ಬಾಯಿ ಮುಚ್ಚಿಕೊಂಡಿರಿ’ ಅಂದರು. ಮಾಮ ಬಾಯಿ ಮುಚ್ಚಿಕೊಂಡ. ಭಾನುವಾರ ಬರುತ್ತಿದ್ದ, ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದ, ‘ಕಳ್ಳ ಸಿಕ್ಕಿದನಾ?’ ಅಂತ ಅಮ್ಮ ಕೇಳಿದರೆ ‘ಹುಡುಕ್ತಾ ಇದೀನಿ’ ಅನ್ನುತ್ತಿದ್ದ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ಹೇಳಿದ. ಇದೊಂದನ್ನು ನಾನು ಅವನಿಗೆ ಇವತ್ತಿಗೂ ಕ್ಷಮಿಸಿಲ್ಲ.

ಮರು ಮಳೆಗಾಲದಲ್ಲಿ ಅಮ್ಮ ಬಿದ್ದಳು. ಬೆಳಗಿನ ಪಾಳಿಗೆ ಇಬ್ಬರೂ ಹೊರಟಿದ್ದೆವು. ಐದನೇ ಹಳಿಯ ಹತ್ತಿರ ಒದ್ದೆ ಕಬ್ಬಿಣದ ಮೇಲೆ ಅವಳ ಕಾಲು ಜಾರಿತು. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆರನೇ ಹಳಿಯ ಮೇಲೆ ರೈಲು ಬರುತ್ತಿತ್ತು. ಅವಳ ತೋಳು ಹಿಡಿದು ಜಲ್ಲಿಯ ಮೇಲೆ ಎಳೆದುಕೊಂಡು ಬಂದೆ. ಅವಳು ಕಿರುಚಲಿಲ್ಲ, ‘ಬಿಡೇ, ನೀನು ಹೋಗೇ’ ಅಂತ ನನ್ನನ್ನೇ ಬೈಯುತ್ತಿದ್ದಳು. ಜೀವ ಉಳಿಯಿತು. ಮತ್ತೆ ಎದ್ದು ನಡೆಯಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಮಾಮ ಎಲ್ಲವನ್ನೂ ಹೇಳಿದ. ‘ಕಳ್ಳ ಯಾರೂ ಇಲ್ಲ ಅಕ್ಕ. ನಾನೇ. ಇಲ್ಲದ ಸಾಲನ್ನ ಓದಿಬಿಟ್ಟೆ.’

‘ಅಪ್ಪನ ಕಾಗದ ಓದ್ತಿದ್ದೆಯಲ್ಲ, ಹಾಗೆ’ ಅಂದಳು ಅಮ್ಮ. ‘ನನಗೆ ಆಗಲೇ ಗೊತ್ತಿತ್ತು ಕಣೋ. ಅವತ್ತೇ ಕೆನ್ನೆಗೆ ಬಿಗಿದಿದ್ದರೆ ಇವತ್ತು ನನ್ನ ಸೇತುವೆ ಇರ್ತಿತ್ತು.’ ಆಮೇಲೆ ಗೋಡೆ ಕಡೆ ತಿರುಗಿದಳು.

ಓಣಿಯವರ ಮುಂದೆಯೂ ಹೇಳುತ್ತೇನೆ ಅಂತ ಮಾಮ ಹೊರಟ. ಕೆಲಸ ಹೋದರೆ ಹೋಗಲಿ ಅಂದ. ಕ್ಷೌರದಂಗಡಿಯವನು, ಮೂಗು ಹೋದ ಮೇಲೆ ಓಣಿಯವರು ಕಟ್ಟಿಕೊಂಡ ಹೋರಾಟ ಸಮಿತಿಯ ಅಧ್ಯಕ್ಷ. ಅವನ ಅಂಗಡಿಯಲ್ಲೇ ಸಭೆ. ಅರ್ಧ ಬೋಳಿಸಿಕೊಂಡ ಗಡ್ಡದವನೊಬ್ಬ ಕುರ್ಚಿಯಲ್ಲಿ ಹಾಗೇ ಕೂತು ಕೇಳುತ್ತಿದ್ದ. ಮಾಮ ನಿಂತು, ತಪ್ಪು ನನ್ನದು, ಕಾಗದದಲ್ಲಿ ಸಾಲು ಮೊದಲೇ ಇರಲಿಲ್ಲ, ನಾನು ನೆನಪಿನಿಂದ ಹೇಳಿದೆ ಅಂದ. ಸಾಕ್ಷಿಗೆ ನಕ್ಷೆಗಾರರನ್ನೂ ಕರೆದುಕೊಂಡು ಬಂದಿದ್ದ. ಅವರು ಸುಳ್ಳು ಹೇಳದ ಮನುಷ್ಯ, ಅದೇ ಮುಳುವಾಯಿತು.

‘ಸಾಲು ಓದಿದ್ದು ನಾನು ಕಿವಿಯಾರೆ ಕೇಳಿದ್ದೀನಿ. ಈ ಬೆರಳು ನಿಮ್ಮ ಓಣೀನ ಸುತ್ತಿ ಬಂದಿದೆ’ ಅಂದರು.

‘ಕೇಳಿದ್ರಾ!’ ಕ್ಷೌರದಂಗಡಿಯವನು ಕತ್ತರಿ ಎತ್ತಿದ. ‘ಓದುವಾಗ ಇತ್ತು. ಆಮೇಲೆ ಯಾರೋ ತೆಗೆದಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?’

‘ಇಲ್ಲಪ್ಪ, ಮೊದಲೇ ಇರಲಿಲ್ಲ…’ ಅಂದ ಮಾಮ.

‘ಪಾಪ, ಮಾಮನ್ನ ಹೆದರಿಸಿದ್ದಾರೆ. ತಪ್ಪು ತಲೆ ಮೇಲೆ ಹಾಕ್ಕೋ, ಇಲ್ಲಾಂದ್ರೆ ಪೆನ್ಶನ್ ಇಲ್ಲ ಅಂದಿರ್ತಾರೆ. ಇದ್ದಿದ್ದನ್ನ ಇಲ್ಲ ಅಂತ ಓದಬಹುದು. ಇಲ್ಲದ್ದನ್ನ ಇದೆ ಅಂತ ಯಾವ ಗುಮಾಸ್ತ ಓದ್ತಾನೆ?’

ಎಲ್ಲರೂ ಮಾಮನ ಬೆನ್ನು ತಟ್ಟಿದರು. ಟೀ ತರಿಸಿದರು. ಅವತ್ತಿನಿಂದ ಅವನು ಓಣಿಯ ಕಣ್ಣಲ್ಲಿ ದೊಡ್ಡವರಿಗೆ ಬಲಿಯಾದ ಸತ್ಯವಂತ. ಭಾನುವಾರ ಅವನು ಬರುವಾಗ ಜನ ಎದ್ದು ನಿಂತು ಜಾಗ ಬಿಡುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಹಾದುಬರುತ್ತಿದ್ದ. ಮುನ್ನೂರ ಹನ್ನೆರಡು ಮನೆಯಲ್ಲಿ ಅವನನ್ನು ನಂಬಿದವಳು ಅಮ್ಮ ಒಬ್ಬಳೇ. ನಂಬಿದ್ದರಿಂದಲೇ ಮಾತು ಬಿಟ್ಟಳು.

ಏಳು ವರ್ಷ ಬಿಟ್ಟಳು. ಅವನು ಬಂದರೆ ನನ್ನ ಕಡೆ ತಿರುಗಿ, ‘ಊಟ ಆಯ್ತಾ ಕೇಳು’ ಅನ್ನುವಳು. ಎರಡು ಗೇಣು ದೂರದಲ್ಲಿ ಕೂತವನು ನನಗೆ, ‘ಆಗಿದೆ ಅಂತ ಹೇಳು’ ಅನ್ನುವನು. ನಾನು ಇಬ್ಬರಿಗೂ ಪೋಸ್ಟ್‌ಮನ್. ಒಂದು ದಿನ ರೇಗಿ, ‘ಸ್ಟಾಂಪ್ ಹಚ್ಚಿ ಕೊಡಿ ಇನ್ಮೇಲೆ’ ಅಂದೆ. ಮಾಮ ನಕ್ಕ. ಅಮ್ಮ ನಗಲಿಲ್ಲ. ಅವನು ನಿವೃತ್ತನಾದ, ಕೂದಲು ಉದುರಿತು. ಆದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅಮ್ಮನ ಕಣ್ಣಿಗೆ ಪೊರೆ ಬಂದು ಕತ್ತಲಾಯಿತು. ಅವಳಿಗೆ ಉಳಿದಿದ್ದ ಚಿಂತೆ ಒಂದೇ. ಬೆಳಿಗ್ಗೆ ನಾನು ಹೊರಟರೆ ವರ್ಕ್‌ಶಾಪಿನ ಸೈರನ್ ಆಗುವವರೆಗೆ, ನಾನು ದಾಟಿದೆ ಅಂತ ಖಾತ್ರಿಯಾಗುವವರೆಗೆ, ಅವಳು ನೀರು ಕೂಡ ಕುಡಿಯುತ್ತಿರಲಿಲ್ಲ.

ಹತ್ತು ವರ್ಷ ತುಂಬಿ ಮತ್ತೆ ಪುನರ್ವಿಂಗಡಣೆ ಬಂತು. ಮಾಮ ಓಣಿಯ ಪರವಾಗಿ ಒಂಬತ್ತು ಪುಟದ ಅರ್ಜಿ ಬರೆದ. ಮೊದಲಿನಿಂದ ಇವತ್ತಿನವರೆಗೆ ಕ್ಷೇತ್ರದ ಗಡಿಯ ಚರಿತ್ರೆಯೆಲ್ಲ ಅದರಲ್ಲಿತ್ತು. ಅರ್ಜಿ ತಲುಪಿದೆ ಎಂದು ಉತ್ತರ ಬಂತು. ಅಷ್ಟು ಹೊತ್ತಿಗೆ ಅಮ್ಮನಿಗೆ ಎದೆಯಲ್ಲಿ ನೀರು ತುಂಬಿ, ಡಾಕ್ಟರು ಕೈಚೆಲ್ಲಿದ್ದರು. ಗೆಜೆಟ್ ಹೊರಬಿದ್ದ ಭಾನುವಾರ ಮಾಮ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದ. ಬಾಗಿಲಲ್ಲಿ ಅವನ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅಮ್ಮನಿಗೆ ಮುಖ ಕಾಣುತ್ತಿರಲಿಲ್ಲ.

‘ಬಂತಾ?’ ಅಂದಳು. ‘ಓದು.’ ನನಗಲ್ಲ, ಅವನಿಗೇ ಅಂದಳು. ಏಳು ವರ್ಷದ ಮೇಲೆ. ಆಮೇಲೆ ನನ್ನನ್ನು ಕರೆದು, ‘ಗೋಡೆ ಮೇಲೆ ನಕ್ಷೆ ಇದೆಯಲ್ಲ, ನೀನು ಬೆರಳಿಡು. ಕಚೇರೀಲಿ ಮಾಡೋ ಹಾಗೇ ಆಗಬೇಕು’ ಅಂದಳು.

ಮಾಮ ನಿಂತುಕೊಂಡ. ಓದಿದ. ಹೊಳೆಯ ಸೇತುವೆಯಿಂದ ಹೊರಟು ಗಿರಣಿಯವರೆಗೆ. ಅಲ್ಲಿಂದ ರೈಲು ಹಳಿಯ ನಡುಗೆರೆಯವರೆಗೆ. ಅಲ್ಲಿಂದ ಹಳಿ ದಾಟಿ ಓಣಿಯ ಹಿಂಬದಿ ಗೋಡೆಯನ್ನು ಬಳಸಿ ಮತ್ತೆ ರೈಲು ಹಳಿಯ ನಡುಗೆರೆಯವರೆಗೆ. ದನಿ ಒಂದಿಷ್ಟೂ ನಡುಗಲಿಲ್ಲ. ಬೆರಳಿನವರು ಕಾಗದ ನೋಡಕೂಡದು ಅನ್ನುವುದು ನಿಯಮ. ನಾನು ನೋಡಿದೆ. ಆ ಸಾಲು ಅಲ್ಲಿರಲಿಲ್ಲ. ನನ್ನ ಬೆರಳು ಕೆಂಪು ಗೆರೆಯ ಮೇಲೆ ಓಣಿಯನ್ನು ಸುತ್ತಿ ಬಂತು.

‘ಬೆರಳು ಹೊರಟಲ್ಲಿಗೇ ಬಂತಾ?’

‘ಬಂತಮ್ಮ.’

‘ಹಾಗಾದ್ರೆ ಇಬ್ಬರೂ ಸಹಿ ಹಾಕಿ.’

ಹಾಕಿದೆವು. ಅಮ್ಮ ಕಾಗದ ಇಸಿದುಕೊಂಡು, ಹೊಲಿಗೆ ನೋಡುವ ಹಾಗೆ ಅದರ ಅಂಚಿನ ಮೇಲೆ ಬೆರಳಾಡಿಸಿದಳು. ತಮ್ಮನ ಕಡೆ ಮುಖ ತಿರುಗಿಸಿದಳು.

‘ಕೊನೇಲಿ ಎಲ್ಲರನ್ನೂ ಕೇಳಿದ್ದೇನೆ ಅಂತ ಬರೆದಿಲ್ವೇನೋ?’

ಮಾಮ ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡ. ‘ಬರೆದಿದ್ದಾರೆ ಅಕ್ಕ’ ಅಂದ. ‘ನಿನ್ನನ್ನ ಹೆಚ್ಚಾಗಿ ಕೇಳಿದ್ದಾರೆ.’

ಮುಂದಿನ ಭಾನುವಾರದವರೆಗೆ ಅವಳು ಉಳಿಯಲಿಲ್ಲ. ಸ್ಮಶಾನ ಇರುವುದು ಹಳಿಯ ಈಚೆ, ವರ್ಕ್‌ಶಾಪಿನ ಕಡೆ. ಓಣಿಯವರು ಅಮ್ಮನನ್ನು ಹೊತ್ತುಕೊಂಡು, ಅವಳಿಟ್ಟ ಕಲ್ಲುಗಳನ್ನು ದಾಟಿ ಹಳಿಯ ಹತ್ತಿರ ಬಂದಾಗ ಗೂಡ್ಸ್ ರೈಲು ಅಡ್ಡ ಬಂತು. ಉದ್ದ ರೈಲು, ಹೊರೆ ತುಂಬಿತ್ತು, ನಿಧಾನ. ಅವಳನ್ನು ಹೆಗಲ ಮೇಲಿಟ್ಟುಕೊಂಡೇ ಎಲ್ಲರೂ ಅದು ಹೋಗುವವರೆಗೆ ನಿಂತಿದ್ದೆವು.